ಕೆನ್ನೆಗೊಪ್ಪುವ ಕೋವಿ: ಗುರಿವಿದ್ಯೆಯ ಹೊಸ ರಸಿಕರಿಗೊಂದು ಕೈಪಿಡಿ

2024ರ ಆಗಸ್ಟ್ 1ರಂದು ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯೆಂಬ ಹಳ್ಳಿಯ ಸ್ವಪ್ನಿಲ್ ಕುಸಾಳೆ, ಪ್ಯಾರಿಸ್ ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಮೊಣಕಾಲೂರಿಯೂ ಬೋರಲು ಮಲಗಿಯೂ ಎದ್ದು ನಿಂತೂ ಗುರಿಯಿಟ್ಟು ಕಂಚಿನ ಪದಕವನ್ನು ಗೆದ್ದ ಸುದ್ದಿ ಬಂದಂದಿನಿಂದ, ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಕಡೆಯಿಂದ ರೈಫಲ್ಲಿನ ವಿಷಯವಾಗಿ ನನ್ನನ್ನು ವಿಚಾರಿಸಲು ಬರುವ ತರುಣರ ಸಂಖ್ಯೆ ಹೆಚ್ಚಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಬಂದವರೆಲ್ಲರ ಮೊದಲ ಪ್ರಶ್ನೆ ಒಂದೇ ಆಗಿರುತ್ತದೆ: "ಕಾಕಾರ, ಅದು ಎಷ್ಟ್ ದೂರ ಹೊಡಿತೈತ್ರಿ?" ಎರಡನೆಯದೂ ಹೆಚ್ಚುಕಡಿಮೆ ಅದೇ: "ಯಾ ಬೋರಿಂದು ತಗೊಂಡ್ರ ಚಲೋರಿ?" ತನ್ನ ತೋಳಿನ ಉದ್ದವೆಷ್ಟು, ಕತ್ತು ಗಿಡ್ಡವೋ ನೀಳವೋ, ಕೆನ್ನೆಯ ಎಲುಬು ಎತ್ತರವೋ ತಗ್ಗೋ ಎಂಬುದನ್ನು ಕುರಿತು ಇದುವರೆಗೆ ಒಬ್ಬನೂ ಕೇಳಿಲ್ಲ. ಆ ಬೇಸರವೇ ಈ ಬರಹಕ್ಕೆ ಕಾರಣ.

ದೂರಕ್ಕೆ ಹೊಡೆಯುವುದು ಕೋವಿಯ ಗುಣವೆಂದೂ, ದೊಡ್ಡ ಕೋವಿಯಿದ್ದವನು ದೊಡ್ಡ ಗುರಿಗಾರನೆಂದೂ ನಂಬುವವರು ನಮ್ಮ ಜಿಲ್ಲೆಯ ಇತಿಹಾಸವನ್ನೇ ಒಮ್ಮೆ ತೆರೆದು ನೋಡಬೇಕು. 1520ರಲ್ಲಿ ರಾಯಚೂರಿಗಾಗಿ ನಡೆದ ಯುದ್ಧದಲ್ಲಿ ಹಿರಿಯ ತೋಪುಗಳ ಬಲವಿದ್ದುದು ವಿಜಾಪುರದ ಇಸ್ಮಾಯಿಲ್ ಆದಿಲಶಾಹನ ಪಕ್ಷದಲ್ಲಿ, ಗೆದ್ದವನು ಕೃಷ್ಣದೇವರಾಯ. ಆ ಬಳಿಕ ಕೋಟೆಯ ಮುತ್ತಿಗೆಯಲ್ಲಿ ಕ್ರಿಸ್ತೋವಾವ್ ದೆ ಫಿಗೆರೇದೊ ಎಂಬ ಪೋರ್ಚುಗೀಸನು ತನ್ನ ಬೆರಳೆಣಿಕೆಯ ಬಂದೂಕುಗಾರರೊಡನೆ ನಿಂತು, ಗೋಡೆಯ ಮೇಲೆ ನಿರ್ಭೀತರಾಗಿ ತಲೆಯೆತ್ತುತ್ತಿದ್ದ ರಕ್ಷಕರನ್ನು ಒಬ್ಬೊಬ್ಬರನ್ನಾಗಿ ಆಯ್ದು ಹೊಡೆದುದನ್ನೂ, ಅದರಿಂದ ಕೆಳಗಿನವರಿಗೆ ಗೋಡೆಯ ಕಲ್ಲುಗಳನ್ನು ಕೀಳಲು ಎಡೆ ದೊರೆತುದನ್ನೂ ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿಟ್ಟಿದ್ದಾನೆ. ತೋಪುಗಳ ಗರ್ಜನೆ ಮಾಡಲಾರದ ಕೆಲಸವನ್ನು ಕೆಲವೇ ಜನರ ಕಣ್ಣು ಮಾಡಿತು. ಐನೂರು ವರ್ಷಗಳ ಹಿಂದೆಯೇ ನಮ್ಮ ನೆಲ ಕಂಡ ಈ ಪಾಠವನ್ನು, ಸಿನಿಮಾದ ಬಂದೂಕುಗಳನ್ನು ನೋಡಿ ಬೆಳೆದ ಅಭಿರುಚಿ ಪೂರ್ತಿಯಾಗಿ ಮರೆತಿದೆ.

ನನ್ನ ಕಣ್ಣು ತೆರೆದುದು ಕೊಡಗಿನಲ್ಲಿ. ತಾರುಣ್ಯದಲ್ಲಿ ಒಮ್ಮೆ ಕೈಲ್ ಪೊಳ್ದ್ ಹಬ್ಬಕ್ಕೆಂದು ಗೆಳೆಯನೊಬ್ಬ ವಿರಾಜಪೇಟೆಯ ಸಮೀಪದ ತನ್ನ ಊರಿಗೆ ಕರೆದೊಯ್ದಿದ್ದ. ಗದ್ದೆಯ ನಾಟಿ ಮುಗಿದಿತ್ತು. ತೊಳೆದೊರಸಿದ ಕೋವಿಗಳು ತೋಕ್‌ಪೂ ಎಂಬ ಹೂವನ್ನು ಮುಡಿದು ಪೂಜೆಗೊಂಡಿದ್ದವು. ಮಧ್ಯಾಹ್ನ ಎತ್ತರದ ಮರದಲ್ಲಿ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂಥ ನಡೆಯಿತು. ಹೊಳೆಯುವ ಹೊಸ ಕೋವಿಗಳನ್ನು ಹಿಡಿದ ಹುಡುಗರು ಒಬ್ಬರ ಹಿಂದೊಬ್ಬರಂತೆ ಗುರಿ ತಪ್ಪುತ್ತಿದ್ದಾಗ, ಬಣ್ಣಗೆಟ್ಟ .22 ರೈಫಲ್ಲೊಂದನ್ನು ತಂದ ವೃದ್ಧರೊಬ್ಬರು, ತಮ್ಮ ಸರದಿಗೆ ಮುನ್ನ ಹಳೆಯ ಪಂಚೆಯ ತುಂಡೊಂದನ್ನು ಅದರ ಮರಕ್ಕೆ, ಕೆನ್ನೆ ತಾಗುವ ಎಡೆಯಲ್ಲಿ, ಸುತ್ತತೊಡಗಿದರು. ಮೂರು ಸುತ್ತು ಸುತ್ತಿ ಕೆನ್ನೆಯಿಟ್ಟು ನೋಡಿದರು. ಬಿಚ್ಚಿ ನಾಲ್ಕು ಸುತ್ತಿದರು. ಕುತೂಹಲ ತಡೆಯದೆ ಕಾರಣ ಕೇಳಿದೆ. "ಇದು ನಮ್ಮ ತಂದೆಯವರ ಕೋವಿ. ಅವರದು ತುಂಬಿದ ಕೆನ್ನೆ, ನನ್ನದು ಒಣಗಿದ್ದು. ಬಟ್ಟೆ ಸುತ್ತದಿದ್ದರೆ ನನ್ನ ಕಣ್ಣು ಕೆಳಗೆ ಬೀಳುತ್ತದೆ, ನೋಡಿ," ಎಂದರು. ಒಂದೇ ಈಡಿಗೆ ಕಾಯಿ ಸಿಡಿಯಿತು. ನಾನಾದರೋ ಕಾಯಿಯನ್ನು ಕಂಡವನೇ ಅಲ್ಲ. ಆ ಬಟ್ಟೆಯನ್ನೇ ನೋಡುತ್ತಿದ್ದೆ.

ಹೆಗಲಿಗೆ ಆನಿಸುವ, ಕೆನ್ನೆಯನ್ನು ಹೊರುವ, ಬಲಗೈಗೆ ಹಿಡಿಯಾಗುವ ಈ ಮರವನ್ನೇ ಗುರಿಗಾರರು ಸ್ಟಾಕ್ ಎನ್ನುತ್ತಾರೆ. ಮೊದಲ ರೈಫಲ್ಲನ್ನು ಆರಿಸುವುದೆಂದರೆ ಮುಖ್ಯವಾಗಿ ಇದನ್ನು ಆರಿಸುವುದು. ಉಳಿದೆಲ್ಲವೂ ಇದರ ಪರಿವಾರ. ನಮ್ಮ ಭಾಗದ ಹಳೆಯ ಒಕ್ಕಲಿಗರನ್ನು ಕೇಳಿರಿ: ಎತ್ತಿನ ಹೆಗಲನ್ನು ನೋಡದೆ ನೊಗವನ್ನು ಕೆತ್ತಿಸಿದವರುಂಟೆ? ಒಗ್ಗದ ನೊಗ ಮೊದಲ ದಿನ ಎತ್ತಿನ ನಡಿಗೆಯನ್ನು ಕೆಡಿಸುತ್ತದೆ, ಎಂಟನೆಯ ದಿನ ಹೆಗಲಿಗೆ ಹುಣ್ಣು ತರುತ್ತದೆ, ಕೊನೆಗೆ ಎತ್ತು ನೊಗವನ್ನು ಕಂಡರೇ ಹಿಂಜರಿಯುತ್ತದೆ. ಒಗ್ಗದ ಕೋವಿಯೂ ಹೊಸ ಗುರಿಗಾರನಿಗೆ ಮಾಡುವುದು ಇದನ್ನೇ. ಎತ್ತಿನ ಹುಣ್ಣು ಕಣ್ಣಿಗೆ ಬೀಳುತ್ತದೆ, ಗುರಿಗಾರನದು ಬೀಳುವುದಿಲ್ಲ, ಅಷ್ಟೇ ಭೇದ.

ಸ್ಟಾಕ್ ಉದ್ದವಾಗಿದ್ದರೆ ತಲೆ ಮುಂದಕ್ಕೆ ಚಾಚಿ ಕತ್ತಿನ ನರಗಳು ಬಿಗಿಯುತ್ತವೆ; ಗಿಡ್ಡವಾಗಿದ್ದರೆ ಕೋವಿ ಒದೆಯುವಾಗ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಕೆನ್ನೆಯ ಎಡೆ ತಗ್ಗಾಗಿದ್ದರೆ ಕಣ್ಣು ಗುರಿ ನೋಡುವ ಸೈಟಿನ ಸಾಲಿಗೆ ಏರುವುದಕ್ಕಾಗಿ ತಲೆಯನ್ನು ಗಾಳಿಯಲ್ಲಿ ಎತ್ತಿ ಹಿಡಿಯಬೇಕಾಗುತ್ತದೆ; ಹಾಗೆ ಎತ್ತಿದ ತಲೆ ಎರಡು ಈಡುಗಳಲ್ಲಿ ಒಂದೇ ಎಡೆಯಲ್ಲಿ ನಿಲ್ಲುವುದು ದುರ್ಲಭ. ದೂರದ ಗುರಿಯಲ್ಲಿ ಇದರ ದಂಡವನ್ನು ಲೆಕ್ಕ ಹಾಕಿರಿ. ವೃತ್ತದ ಒಂದು ಅಂಶವನ್ನು ಅರವತ್ತು ಪಾಲು ಮಾಡಿದರೆ ಬರುವ ಒಂದು ಕಲೆಯಷ್ಟು ಕೋನವು 100 ಗಜದಲ್ಲಿ ಸುಮಾರು ಒಂದು ಅಂಗುಲ, 1000 ಗಜದಲ್ಲಿ ಹತ್ತು ಅಂಗುಲಕ್ಕೂ ಮಿಗಿಲು. ಕೆನ್ನೆಯಲ್ಲಿ ಕೂದಲೆಳೆಯಷ್ಟಾದ ತಪ್ಪು ಅಲ್ಲಿ ಮೊಳದಷ್ಟಾಗಿ ತೋರುತ್ತದೆ.

ಆದುದರಿಂದ ಪರೀಕ್ಷೆಯೊಂದನ್ನು ಹೇಳುತ್ತೇನೆ. ಇದಕ್ಕೆ ಗುಂಡೂ ಬೇಡ, ಮದ್ದೂ ಬೇಡ. ಕೋವಿ ಖಾಲಿಯೆಂಬುದನ್ನು ಎರಡು ಬಾರಿ ನೋಡಿ ಖಚಿತಪಡಿಸಿಕೊಂಡು, ಬೋರಲು ಮಲಗಿ, ಗೋಡೆಯ ಮೇಲಿನ ಚುಕ್ಕಿಯೊಂದಕ್ಕೆ ಗುರಿಯಿಟ್ಟು, ಕಣ್ಣು ಮುಚ್ಚಿರಿ. ಎರಡು ಬಾರಿ ಉಸಿರಾಡಿ, ಮೈಯನ್ನು ಸಡಿಲಬಿಟ್ಟು, ಕಣ್ಣು ತೆರೆಯಿರಿ. ಸೈಟು ಚುಕ್ಕಿಯಿಂದ ಪಕ್ಕಕ್ಕೆ ಸರಿದಿದ್ದರೆ ದೋಷ ನಿಮ್ಮ ಮೈಯ ನೆಲೆಯದು. ಕೈಯಿಂದ ಕೋವಿಯನ್ನು ತಳ್ಳದೆ ಸೊಂಟವನ್ನು ಸರಿಸಿಕೊಳ್ಳಿರಿ. ಆದರೆ ತೆರೆದ ಕಣ್ಣಿಗೆ ಹಿಂದಿನ ಸೈಟಿನ ರಂಧ್ರವೇ ದೊರೆಯದೆ ಕಪ್ಪು ಕವಿದಿದ್ದರೆ, ಅದನ್ನು ಹುಡುಕುತ್ತ ಕತ್ತು ಮೇಲಕ್ಕೋ ಕೆಳಕ್ಕೋ ಹೊರಟರೆ, ದೋಷ ಮರದ್ದು. ಹತ್ತು ಬಾರಿ ಮಾಡಿ ಹತ್ತು ಬಾರಿಯೂ ಕಣ್ಣು ತಾನಾಗಿ ರಂಧ್ರದ ಹಿಂದೆ ಬಂದು ನಿಂತ ಕೋವಿ ನಿಮ್ಮದು. ಕೆನ್ನೆಯ ಹಲಗೆಯನ್ನು ಏರಿಸಿಳಿಸುವ, ಹೆಗಲಿನ ತಟ್ಟೆಯನ್ನು ಮುಂದಕ್ಕೂ ಹಿಂದಕ್ಕೂ ಸರಿಸುವ ತಿರುಪುಗಳಿರುವ ಸ್ಟಾಕ್ ದೊರೆತರೆ ಪುಣ್ಯ. ದೊರೆಯದಿದ್ದರೆ ಪಂಚೆಯ ತುಂಡಿದೆ.

ಕೋವಿಯೆಂಬ ಯಂತ್ರವು ತಾನಾಗಿ ತಪ್ಪುವುದಿಲ್ಲವೆಂಬುದಕ್ಕೆ ಪ್ರಮಾಣ ಬೇಕೆ? 1860ರಲ್ಲಿ ಇಂಗ್ಲೆಂಡಿನ ವಿಂಬಲ್ಡನ್ ಮೈದಾನದಲ್ಲಿ ರಾಷ್ಟ್ರೀಯ ರೈಫಲ್ ಸಂಘದ ಪ್ರಥಮ ಪಂದ್ಯವನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದಾಗ, ಜೋಸೆಫ್ ವಿಟ್ವರ್ತನು ತಾನು ನಿರ್ಮಿಸಿದ ರೈಫಲ್ಲನ್ನು ಭದ್ರವಾದ ಆಧಾರಕ್ಕೆ ಬಿಗಿದು 400 ಗಜ ದೂರದ ಹಲಗೆಗೆ ಹೂಡಿಟ್ಟಿದ್ದ. ರಾಣಿ ಹುರಿಯೊಂದನ್ನು ಎಳೆದಳು. ಗುಂಡು ನಡುಬಿಂದುವಿನಿಂದ ಒಂದೂಕಾಲು ಅಂಗುಲದಷ್ಟೇ ದೂರದಲ್ಲಿ ನಾಟಿತು. ನೂರ ಅರವತ್ತು ವರ್ಷಗಳ ಹಿಂದೆಯೇ ರೈಫಲ್ಲು ಇಷ್ಟು ನಿಷ್ಠುರವಾಗಿತ್ತು. ಅಂದಿನಿಂದ ಇಂದಿನವರೆಗೆ ಉಳಿದಿರುವ ಪ್ರಶ್ನೆ ಆ ಆಧಾರದ ಎಡೆಯಲ್ಲಿ ಉಸಿರಾಡುವ, ಎದೆ ಬಡಿಯುವ ಮನುಷ್ಯನನ್ನು ಹೇಗೆ ಕೂಡಿಸಬೇಕೆಂಬುದೊಂದೇ. ಆ ಕೂಡಿಕೆಯೇ ಸ್ಟಾಕ್.

ಇನ್ನು ದುರ್ಬೀನಿನ ವ್ಯಾಮೋಹ. ಕೋವಿಯ ಬೆಲೆಗೆ ಮಿಗಿಲಾದ ದುರ್ಬೀನನ್ನು ಅದರ ಮೇಲೆ ಹೇರಿಸಿ, ಗುರಿಯನ್ನು ಹತ್ತಿರಕ್ಕೆ ತಂದೆವೆಂದು ಹಿಗ್ಗುವವರನ್ನು ಕಂಡಿದ್ದೇನೆ. ಗುರಿಯೊಂದಿಗೆ ನಿಮ್ಮ ನಡುಕವೂ ಅಷ್ಟೇ ಪಾಲು ದೊಡ್ಡದಾಗುತ್ತದೆ. ಆ ನಡುಕಕ್ಕೆ ಹೆದರಿ, ಚುಕ್ಕಿ ನಡುವೆ ಬಂದ ಕ್ಷಣವನ್ನು ಹಿಡಿಯಲೆಂದು ಹೊಸಬ ಟ್ರಿಗರನ್ನು ಕಿತ್ತೆಳೆಯುತ್ತಾನೆ. 800, 900, 1000 ಗಜಗಳ ಪಾಲ್ಮಾ ಪಂದ್ಯವನ್ನು ಜಗತ್ತಿನ ಶ್ರೇಷ್ಠ ಗುರಿಗಾರರು ದುರ್ಬೀನಿಲ್ಲದೆ, ರಂಧ್ರದ ಸೈಟಿನಿಂದಲೇ ಆಡುತ್ತಾರೆ. ದುರ್ಬೀನಿಗೆ ಅವಕಾಶವಿರುವ ಎಫ್-ಕ್ಲಾಸ್ ಎಂಬ ಪಂಗಡವೂ ಉಂಟು, ಅದರಲ್ಲಿ ಸಾಧನೆಯೂ ಉಂಟು. ಆದರೆ ಅದು ಮೊದಲ ಮೆಟ್ಟಿಲಲ್ಲ.

ದೊಡ್ಡ ಬೋರಿನ ವ್ಯಾಮೋಹ ಇದಕ್ಕಿಂತ ಕೇಡಿನದು. ನಾನು ಮೊದಲು ಅಭ್ಯಾಸ ಮಾಡಿದ್ದು ಎರವಲು ತಂದ ಒಂದು ಭಾರಿ ರೈಫಲ್ಲಿನಿಂದ. ಅದರ ಮರ ನನ್ನ ತೋಳಿಗೆ ಎರಡು ಅಂಗುಲ ಉದ್ದ. ಹತ್ತನೆಯ ಈಡಿನ ಹೊತ್ತಿಗೆ, ಗುಂಡು ಹೊರಡುವುದಕ್ಕೆ ಮೊದಲೇ ಕಣ್ಣು ಮುಚ್ಚುವುದನ್ನು ನನ್ನ ಮೈ ಕಲಿತುಬಿಟ್ಟಿತು. ಹತ್ತು ಈಡುಗಳಲ್ಲಿ ಕಲಿತ ಆ ಅಂಜಿಕೆಯನ್ನು ಮರೆಯಲು ನನಗೆ ಎರಡು ವರ್ಷ ಬೇಕಾಯಿತು. .22 ರೈಫಲ್ಲು ಒದೆಯುವುದಿಲ್ಲವೆಂದೇ ಹೇಳಬಹುದು. ಆದುದರಿಂದ ಅದರಲ್ಲಿ ಆದ ತಪ್ಪೆಲ್ಲ ನಿಮ್ಮದೇ ಎಂದು ನಿಸ್ಸಂಶಯವಾಗಿ ತಿಳಿಯುತ್ತದೆ. ನೂರಾರು ಈಡುಗಳನ್ನು ಅಂಜದೆ ಹೊಡೆಯಲು ಬಿಡುವ ಕೋವಿಯೇ 1000 ಗಜಕ್ಕೆ ಒಯ್ಯುವ ಕೋವಿ.

ಅದಕ್ಕೂ ಮೊದಲು ಏರ್‌ರೈಫಲ್. ಇದನ್ನು ಮಕ್ಕಳ ಆಟಿಕೆಯೆಂದು ನಗುವವರಿಗೆ ನನ್ನ ಉತ್ತರ ಇಷ್ಟೆ: 300 ಮೀಟರ್ ಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 100 ಮಿಲಿಮೀಟರ್, 50 ಮೀಟರಿನಲ್ಲಿ 10.4; 10 ಮೀಟರಿನ ಏರ್‌ರೈಫಲ್ ಹಲಗೆಯಲ್ಲಿ ಕೇವಲ ಅರ್ಧ ಮಿಲಿಮೀಟರ್. ಆ ಅರ್ಧ ಮಿಲಿಮೀಟರನ್ನು ನೆಚ್ಚಿಯೇ ಅಭಿನವ್ ಬಿಂದ್ರಾ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಕೊನೆಯ ಈಡಿಗೆ 10.8 ಅಂಕ ಪಡೆದು, ಒಟ್ಟು 700.5ರೊಂದಿಗೆ ಚಿನ್ನವನ್ನು ತಂದ. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ ಕೌಲಾಲಂಪುರದ ಏಷ್ಯನ್ ಪಂದ್ಯದಲ್ಲಿ ನಲವತ್ತು ಈಡುಗಳಿಗೆ 400ಕ್ಕೆ 400 ಅಂಕ ಪಡೆದು ವಿಶ್ವದಾಖಲೆಯನ್ನು ಸರಿಗಟ್ಟಿದರು. ನಲವತ್ತು ಬಾರಿ ಕೆನ್ನೆ ಅದೇ ಎಡೆಗೆ ಮರಳಿತೆಂಬುದು ಆ ಅಂಕಿಯ ಅರ್ಥ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. 4.5 ಮಿಲಿಮೀಟರ್ ಬೋರು, 20 ಜೂಲ್ ಶಕ್ತಿ, ಇವನ್ನು ಮೀರದ ಏರ್‌ರೈಫಲ್ಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಪರವಾನಗಿ ಬೇಡ. .22ರಿಂದ ಮೇಲಿನದಕ್ಕೆ ಬೇಕು. ಆದುದರಿಂದ ಮೊದಲು ಮಾನ್ಯತೆಯುಳ್ಳ ರೈಫಲ್ ಸಂಘವೊಂದನ್ನು ಸೇರಿ, ಅಲ್ಲಿನ ಕೋವಿಗಳಲ್ಲಿ ನಿಮ್ಮ ಕೆನ್ನೆಗೊಪ್ಪುವುದನ್ನು ಹುಡುಕಿರಿ. ಲೋಕಸಭೆಯ ಪ್ರಥಮ ಅಧ್ಯಕ್ಷರಾಗಿದ್ದ ಮಾವಳಂಕರರು 1951ರಲ್ಲಿ ಸ್ಥಾಪಿಸಿದ ಭಾರತದ ರಾಷ್ಟ್ರೀಯ ರೈಫಲ್ ಸಂಘವು ಅವರ ಹೆಸರಿನಲ್ಲಿ ನಡೆಸುವ ಪಂದ್ಯವೇ ರಾಷ್ಟ್ರಮಟ್ಟಕ್ಕೆ ಹೆಬ್ಬಾಗಿಲು. ಇನ್ನು ಕೋವಿಯ ಉಳಿದ ಭಾಗಗಳ ಮಾತು: ಟ್ರಿಗರು ಎಳೆದಷ್ಟು ಸಲವೂ ಒಂದೇ ತೂಕದಲ್ಲಿ ಬಿಡಬೇಕು. ನಳಿಗೆಯ ಬಾಯಿ ತರಚಿರಬಾರದು. ತೋಟಾಗಳಲ್ಲಿ ಎರಡು ಮೂರು ತಯಾರಿಕೆಗಳನ್ನು ಹೊಡೆದು ನೋಡಿ, ಯಾವುದು ಗುಂಪಾಗಿ ನಾಟುತ್ತದೆಯೋ ಅದನ್ನೇ ಹಿಡಿಯಬೇಕು. ಮಿಕ್ಕುದನ್ನು ಸಂಘದ ಹಿರಿಯರು ಹೇಳಿಕೊಡುತ್ತಾರೆ.

ಗಾಳಿಯನ್ನು ಓದುವ ವಿದ್ಯೆಗೆ ಮಾತ್ರ ನಮ್ಮ ಸೀಮೆಗಿಂತ ಒಳ್ಳೆಯ ಪಾಠಶಾಲೆಯಿಲ್ಲ. 1000 ಗಜವನ್ನು ಕ್ರಮಿಸಲು ಗುಂಡಿಗೆ ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತದೆ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಅಷ್ಟರಲ್ಲಿ ಅದನ್ನು ಹಲವು ಅಡಿಗಳಷ್ಟು ಪಕ್ಕಕ್ಕೆ ಒಯ್ಯುತ್ತದೆ. ಏಪ್ರಿಲ್ ತಿಂಗಳಿನಲ್ಲಿ ಕಾಲುವೆಯ ನೀರು ಹಾಯದ ಎರೆಹೊಲದ ಬದುವಿನ ಮೇಲೆ ಕುಳಿತು, ಕೈದುರ್ಬೀನಿನಿಂದ ಮಸ್ಕಿಯ ಬೆಟ್ಟವನ್ನು ನೋಡಿರಿ. ಬೆಳಗಿನಲ್ಲಿ ಕೆತ್ತಿಟ್ಟಂತೆ ನಿಂತ ಅದರ ಅಂಚು ಹತ್ತು ಗಂಟೆಗೆ ಕದಡುತ್ತದೆ. ನಡುಹಗಲಿಗೆ ಬಿಸಿಲ್ಗುದುರೆ ನೆಲದಿಂದೆದ್ದು ಹೊಳೆಯಂತೆ ಹರಿಯುತ್ತದೆ. ಅದು ಎಡಕ್ಕೆ ವಾಲಿ ಹರಿದರೆ ಗಾಳಿ ಬಲದಿಂದ ಬರುತ್ತಿದೆ. ಕುದಿಯುವ ಎಸರಿನಂತೆ ನೆಟ್ಟಗೆ ಮೇಲಕ್ಕೇರಿದರೆ ಗಾಳಿ ನಿಂತಿದೆ, ಅಥವಾ ನಿಮ್ಮ ಮುಂದಿನಿಂದಲೋ ಹಿಂದಿನಿಂದಲೋ ಬೀಸುತ್ತಿದೆ. ಇದನ್ನು ಒಂದು ಬೇಸಗೆ ಪೂರ್ತಿ ನೋಡಿದವನಿಗೆ ಪಂದ್ಯದ ಮೈದಾನದ ಬಾವುಟಗಳು ತಾವಾಗಿಯೇ ಮಾತನಾಡುತ್ತವೆ.

ಕೊನೆಯದಾಗಿ, ಕೋವಿ ಹಿಡಿಯದೆ ಬರಿದೆ ಪಂದ್ಯ ನೋಡಲು ಹೋಗುವ ರಸಿಕರಿಗೆ ಒಂದು ಮಾತು. ಸದ್ದಾದ ಕೂಡಲೆ ಎಲ್ಲರ ಕಣ್ಣೂ ಹಲಗೆಯ ಕಡೆಗೆ ಹಾರುತ್ತದೆ. ನೀವು ಹಾಗೆ ನೋಡದಿರಿ. ಗುರಿಗಾರನ ಕೆನ್ನೆಯನ್ನು ನೋಡಿರಿ. ಗುಂಡು ಹೊರಟೊಡನೆ ಮುಖವೆತ್ತಿ ಫಲವನ್ನು ಹುಡುಕುವವನು, ಗುಂಡು ಇನ್ನೂ ನಳಿಗೆಯಲ್ಲಿರುವಾಗಲೇ ಅದನ್ನು ಬಿಟ್ಟುಕೊಟ್ಟವನು. ಬಲ್ಲವನು ಸದ್ದು ಅಡಗಿದ ಮೇಲೂ ಸೈಟಿನೊಳಗೇ ಇರುತ್ತಾನೆ. ಕೊಡಗಿನ ಆ ಮಧ್ಯಾಹ್ನ ಕಾಯಿ ಸಿಡಿದು ಚೂರುಗಳು ನೆಲಕ್ಕುದುರಿ, ಹುಡುಗರು ಕೇಕೆ ಹಾಕಿ ಮರದ ಬುಡಕ್ಕೆ ಓಡತೊಡಗಿದಾಗಲೂ, ಆ ವೃದ್ಧರ ಒಣಗಿದ ಕೆನ್ನೆ ಪಂಚೆಯ ತುಂಡಿನ ಮೇಲೆಯೇ ಇತ್ತು.