ಬಟ್ಟೆಗೆ ಎಣ್ಣೆ ಮೆತ್ತದಂತೆ

ಹಳೆಯ ಸ್ಕೂಟರಿನ ಮೂತಿ ಕತ್ತರಿಸಿ ಗೋಡೆಗೆ ಹೊಡೆದು, ಹೆಡ್‌ಲೈಟಿನ ಜಾಗದಲ್ಲಿ ಬಲ್ಬು ಉರಿಸುವುದು ಈಗ ಕಾಫಿ ಅಂಗಡಿಗಳ ಅಲಂಕಾರಗಳಲ್ಲೊಂದು. ಹಿಂಭಾಗ ಕೊಯ್ದು ಕುರ್ಚಿ ಮಾಡಿದ್ದನ್ನೂ ನೋಡಿದ್ದೇನೆ. ನೋಡಲು ಚೆನ್ನಾಗಿಯೇ ಇರುತ್ತವೆ. ಆ ಉಬ್ಬು ತಗಡನ್ನು ಒಮ್ಮೆ ಕೈಯಲ್ಲಿ ಸವರದೆ ಮುಂದೆ ಹೋಗಲು ನನಗಂತೂ ಆಗುವುದಿಲ್ಲ. ಆದರೆ ಪ್ರತಿ ಸಲವೂ ಒಂದು ಪ್ರಶ್ನೆ ಏಳುತ್ತದೆ: ಓಡದ, ಹೊರದ, ಯಾರನ್ನೂ ಎಲ್ಲಿಗೂ ಮುಟ್ಟಿಸದ ಈ ತಗಡಿನಲ್ಲಿ ಉಳಿದಿರುವುದು ಸ್ಕೂಟರಿನ ಚೆಲುವೋ, ಚೆಲುವಿನ ಸಿಪ್ಪೆಯೋ?

ಹಳೆ ಸ್ಕೂಟರುಗಳ ಮೋಹಕ್ಕೆ ಇವತ್ತು ದೇಶಗಳ ಗಡಿಯಿಲ್ಲ. ವೆಸ್ಪಾ, ಲ್ಯಾಂಬ್ರೆಟಾ, ನಮ್ಮ ಚೇತಕ್‌ಗಳನ್ನು ಹುಡುಕಿ ತಂದು ಹೊಸದರಂತೆ ಮಾಡುವವರಿದ್ದಾರೆ; ಅವುಗಳ ಪೋಸ್ಟರು, ಹಳೆಯ ಜಾಹೀರಾತುಗಳನ್ನು ಕೂಡಿಡುವವರಿದ್ದಾರೆ. ಈ ಪ್ರೀತಿಯಲ್ಲಿ ನನಗೂ ಪಾಲಿದೆ. ಇದನ್ನು ತೂಗಿ ನೋಡಬೇಕೆನ್ನಿಸಿದ್ದೂ ಅದಕ್ಕೇ. ತೂಗಲು ನನ್ನ ಕೈಯಲ್ಲಿರುವ ಅಳತೆಗಲ್ಲು ಒಂದೇ. ಸ್ಕೂಟರಿನ ಒಂದೊಂದು ತಿರುವೂ ಕೂರುವವರಿಗೆ ಮಾಡಿದ ಉಪಚಾರ. ಆ ಉಪಚಾರವನ್ನು ನೆನಪಿಟ್ಟುಕೊಂಡ ಮೋಹ ಬಾಳುತ್ತದೆ, ಮರೆತದ್ದು ಗೋಡೆ ಸೇರುತ್ತದೆ.

ಎರಡನೇ ಮಹಾಯುದ್ಧ ಮುಗಿದಾಗ ಇಟಲಿಯ ಪೊಂಟೆಡೇರಾದಲ್ಲಿದ್ದ ಪಿಯಾಜಿಯೊ ಕಂಪನಿಯ ವಿಮಾನ ಕಾರ್ಖಾನೆ ಬಾಂಬಿಗೆ ಸಿಕ್ಕಿ ಹಾಳಾಗಿತ್ತು. ರಸ್ತೆಗಳು ಕಿತ್ತುಹೋಗಿದ್ದವು, ಕಾರು ಕೊಳ್ಳುವ ಶಕ್ತಿ ಜನರಿಗೆ ಇರಲಿಲ್ಲ. ಎನ್ರಿಕೊ ಪಿಯಾಜಿಯೊ ಎಲ್ಲರ ಕೈಗೆಟುಕುವ ವಾಹನವೊಂದನ್ನು ಬಯಸಿದರು. ಮೊದಲು ತಯಾರಾದ ಮಾದರಿಗೆ ಪಾಪೆರೀನೊ ಎಂಬ ಅಡ್ಡಹೆಸರು ಬಿತ್ತು. ಇಟಲಿಯಲ್ಲಿ ಡೊನಾಲ್ಡ್ ಡಕ್‌ಗೆ ಇರುವ ಹೆಸರದು. ಅದರ ನಡುಭಾಗ ಉಬ್ಬಿಕೊಂಡಿದ್ದರಿಂದ ಕಾಲೆತ್ತಿ ದಾಟಿಸಿಯೇ ಕೂರಬೇಕಿತ್ತು. ಪಿಯಾಜಿಯೊಗೆ ಅದು ಹಿಡಿಸಲಿಲ್ಲ. ಕೆಲಸ ಕೊರಾಡಿನೊ ದಾಸ್ಕಾನಿಯೊ ಅವರ ಕೈಗೆ ಬಂತು.

ದಾಸ್ಕಾನಿಯೊ ವಿಮಾನಗಳ ಎಂಜಿನಿಯರು. ಅವರು ರೂಪಿಸಿದ ಹೆಲಿಕಾಪ್ಟರ್ 1930ರಲ್ಲೇ ದಾಖಲೆ ಮಾಡಿತ್ತು. ಮೋಟಾರ್ ಸೈಕಲ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ: ಕೂರಲು ಕಷ್ಟ, ಬಟ್ಟೆ ಕೊಳೆ, ಚಕ್ರ ಬಿಚ್ಚುವುದು ತಲೆನೋವು. ಈ ಮೂರು ದೂರುಗಳಿಗೆ ಅವರು ಕೊಟ್ಟ ಉತ್ತರವೇ ವೆಸ್ಪಾ. ಚೈನು ಎಣ್ಣೆ ಹಾರಿಸುತ್ತದೆ, ಆದ್ದರಿಂದ ಚೈನನ್ನೇ ತೆಗೆದು ಎಂಜಿನ್ನನ್ನು ಹಿಂದಿನ ಚಕ್ರದ ಪಕ್ಕಕ್ಕೆ ಕೂರಿಸಿದರು. ಎಂಜಿನ್ನಿನ ಶಾಖ, ಜಿಡ್ಡು ತಾಗಬಾರದೆಂದು ಅದಕ್ಕೆ ತಗಡಿನ ಡೂಮು ಮುಚ್ಚಿದರು. ಕೆಸರು ಸಿಡಿಯದಿರಲೆಂದು ಮಂಡಿಯ ಮುಂದೆ ಅಗಲವಾದ ಮರೆ ಕಟ್ಟಿದರು. ಬೂಟಿನ ತುದಿಯಿಂದ ಗೇರು ಒದೆಯುವುದು ತಪ್ಪಲೆಂದು ಗೇರನ್ನು ಎಡಗೈಗೆ ತಂದರು. ಮುಂದಿನ ಚಕ್ರವನ್ನು ವಿಮಾನದ ಚಕ್ರದ ಹಾಗೆ ಒಂದೇ ಬದಿಯಿಂದ ಹಿಡಿಸಿದ್ದರಿಂದ ಪಂಕ್ಚರಾದರೆ ನಟ್ಟು ಬಿಚ್ಚಿ ಸ್ಟೆಪ್ನಿ ಹಾಕುವುದು ಸಲೀಸಾಯಿತು. ಒಳಗೊಂದು ಚೌಕಟ್ಟು, ಹೊರಗೊಂದು ಹೊದಿಕೆ ಎಂಬ ಭೇದವೂ ಇಲ್ಲಿಲ್ಲ. ಒತ್ತಿ ಬಾಗಿಸಿದ ಉಕ್ಕಿನ ತಗಡೇ ಅದರ ಮೂಳೆ, ತಗಡೇ ಚರ್ಮ. 98 ಸಿಸಿಯ ಈ ಯಂತ್ರಕ್ಕೆ 1946ರ ಏಪ್ರಿಲ್ 23ರಂದು ಫ್ಲಾರೆನ್ಸಿನಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಸಣ್ಣ ನಡು, ತುಂಬಿದ ಹಿಂಭಾಗ, ಗುಂಯ್ ಎನ್ನುವ ಸದ್ದು ಕಂಡು ಪಿಯಾಜಿಯೊ ಇದು ಕಣಜದ ಹುಳುವಿನಂತಿದೆ ಎಂದರಂತೆ. ವೆಸ್ಪಾ ಎಂದರೆ ಕಣಜವೇ.

ಈ ವಿವರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇಲ್ಲಿ ಅಂದಕ್ಕೆಂದೇ ಎಳೆದ ಗೆರೆ ಇಲ್ಲ ಎನ್ನುವಷ್ಟು ಕಡಿಮೆ. ಹದವಾಗಿ ಕಡೆದ ಬಿಂದಿಗೆಯ ಕಂಠ ಕೈಗೆ ಕೂರುವಂತಿದ್ದಾಗಲೇ ಕಣ್ಣಿಗೂ ಹಿತವಾಗುತ್ತದಲ್ಲ, ಅದೇ ಜಾತಿಯ ಚೆಲುವು ಇದು.

ಲ್ಯಾಂಬ್ರೆಟಾದ ಹಾದಿ ಬೇರೆ. ಮಿಲಾನಿನ ಲ್ಯಾಂಬ್ರಾಟೆಯಲ್ಲಿ ಫರ್ಡಿನಾಂಡೊ ಇನ್ನೊಸೆಂಟಿ ಅವರದು ಉಕ್ಕಿನ ಕೊಳವೆಗಳ ಉದ್ಯಮ. 1947ರ ಅವರ ಮೊದಲ ಸ್ಕೂಟರು ಕೊಳವೆಯ ಎಲುಬಿನ ಮೇಲೆ ನಿಂತಿತ್ತು, ಎಂಜಿನ್ ಬಯಲಿಗೇ ಕಾಣುತ್ತಿತ್ತು. 1950ರಲ್ಲಿ ಮೈಮುಚ್ಚಿದ ಮಾದರಿ ಬಂತು. ಅರವತ್ತರ ದಶಕದಲ್ಲಿ ಅದು ಉದ್ದನೆಯ, ತೆಳುಮೈಯ, ಚೂಪು ಗೆರೆಗಳ ಸುಂದರಿಯಾಯಿತು. 1969ರ ಜಿಪಿ ಮಾದರಿಗೆ ಕಾರುಗಳ ವಿನ್ಯಾಸಕ್ಕೆ ಹೆಸರಾದ ಬೆರ್ಟೋನೆ ಸಂಸ್ಥೆಯೇ ರೂಪ ಕೊಟ್ಟಿತು. ಲ್ಯಾಂಬ್ರೆಟಾದ ಎಂಜಿನ್ ನಡುವಿನಲ್ಲೇ ಇರುವುದರಿಂದ ಅದು ಎರಡೂ ಬದಿಗೆ ಸಮನಾಗಿ ತೂಗುತ್ತದೆ. ವೆಸ್ಪಾ ಬಲಕ್ಕೆ ವಾಲುತ್ತದೆ. ನೋಟದಲ್ಲಿ ಲ್ಯಾಂಬ್ರೆಟಾ ಒಂದು ಕೈ ಮೇಲೆ ಎಂದು ಒಪ್ಪುತ್ತೇನೆ. ಆದರೂ ಅದರ ತಗಡು ಎಲುಬಿಗೆ ತೊಡಿಸಿದ ಉಡುಪು, ವೆಸ್ಪಾದ ತಗಡು ಸ್ವಂತ ಮೈ. ಹಾಗಾಗಿ ನನ್ನ ಮತ ವೆಸ್ಪಾಕ್ಕೆ.

ರೂಪದ ಬೆನ್ನಿಗೇ ಚಿತ್ರಗಳೂ ಹುಟ್ಟಿದವು. 1953ರ ‘ರೋಮನ್ ಹಾಲಿಡೇ’ಯಲ್ಲಿ ಆಡ್ರೆ ಹೆಪ್‌ಬರ್ನ್ ಮತ್ತು ಗ್ರೆಗರಿ ಪೆಕ್ ರೋಮಿನ ಬೀದಿಗಳಲ್ಲಿ ವೆಸ್ಪಾ ಓಡಿಸಿದರು. ಇಂದಿಗೂ ಮಾರಾಟವಾಗುವ ಪೋಸ್ಟರುಗಳಲ್ಲಿ ಹೆಪ್‌ಬರ್ನ್ ಹೆಚ್ಚಾಗಿ ಪೆಕ್ ಹಿಂದೆ ಕೂತಿರುತ್ತಾರೆ. ಚಿತ್ರದ ಜೀವವಿರುವುದು ರಾಜಕುಮಾರಿಯ ಪಾತ್ರದ ಹೆಪ್‌ಬರ್ನ್ ತಾನೇ ಹ್ಯಾಂಡಲ್ ಹಿಡಿದು, ಅಡ್ಡಾದಿಡ್ಡಿ ನುಗ್ಗಿ, ಅಂಗಡಿಗಳನ್ನು ಕೆಡವಿ, ಪೊಲೀಸ್ ಠಾಣೆಗೆ ಹೋಗುವಲ್ಲಿ. ಲಂಗ ತೊಟ್ಟವರೂ ಸಂಕೋಚವಿಲ್ಲದೆ ಹತ್ತಿ ಓಡಿಸಬಲ್ಲ ಯಂತ್ರ ಎಂಬ ಮಾತನ್ನು ಆ ದೃಶ್ಯ ಬಾಯಿ ಬಿಡದೆ ಹೇಳುತ್ತದೆ. ಅದೇ ಐವತ್ತರ ದಶಕದ ಪಿಯಾಜಿಯೊ ಕ್ಯಾಲೆಂಡರುಗಳು ಹೆಣ್ಣನ್ನು ಸ್ಕೂಟರಿಗೆ ಒರಗಿಸಿ ನಿಲ್ಲಿಸಿದವು. ಬಣ್ಣ, ಬೆಳಕು, ಗೆರೆಗಳಲ್ಲಿ ಅವು ಸೊಗಸು. ಆದರೆ ಹೆಣ್ಣನ್ನು ಸವಾರಳೆಂದು ಕರೆದ ಯಂತ್ರವನ್ನು ಮಾರಲು ಅವಳನ್ನೇ ಒಡವೆಯಾಗಿಸಿದ್ದು ಯಂತ್ರಕ್ಕೂ ಅವಳಿಗೂ ಮಾಡಿದ ಅನ್ಯಾಯ.

ಅರವತ್ತರ ದಶಕದ ಬ್ರಿಟನ್ನಿನ ಮಾಡ್ ಹುಡುಗರು ಈ ರೂಪವನ್ನು ಆಳವಾಗಿ ಅರ್ಥ ಮಾಡಿಕೊಂಡವರು. ದುಡಿಯುವ ಮನೆಗಳ ಹುಡುಗರು ಸಂಬಳದ ದೊಡ್ಡ ಪಾಲು ಸುರಿದು ಹೊಲಿಸಿದ ಸೂಟು ತೊಟ್ಟು ಹೊರಡಬೇಕಿತ್ತು. ಎಂಜಿನ್ ಮುಚ್ಚಿದ ಇಟಲಿಯ ಸ್ಕೂಟರಿನಲ್ಲಿ ಸೂಟಿಗೆ ಜಿಡ್ಡು ತಾಗುತ್ತಿರಲಿಲ್ಲ. ಗಾಳಿ, ಧೂಳಿಗೆ ಮೇಲೊಂದು ಪಾರ್ಕಾ ಕೋಟು. ದಾಸ್ಕಾನಿಯೊ ಮಾಡಿದ ಉಪಚಾರವನ್ನು ಅವರು ಕೈನೀಡಿ ಪಡೆದರು. ಬಳಿಕ ಕನ್ನಡಿಗಳ ಮೇಲೆ ಕನ್ನಡಿ, ದೀಪಗಳ ಮೇಲೆ ದೀಪ ಏರಿ ಸ್ಕೂಟರು ತೇರಿನಂತಾಯಿತು. 1964ರಲ್ಲಿ ಕ್ಲಾಕ್ಟನ್, ಬ್ರೈಟನ್ ಕಡಲತೀರಗಳಲ್ಲಿ ಮೋಟಾರ್ ಸೈಕಲ್ ಓಡಿಸುವ ರಾಕರ್ ಹುಡುಗರ ಜೊತೆ ಹೊಡೆದಾಟಗಳಾದಾಗ ಪತ್ರಿಕೆಗಳು ಆ ಸ್ಕೂಟರುಗಳನ್ನು ಪುಂಡಾಟದ ಗುರುತಾಗಿಸಿದವು.

ಆ ಶೋಕಿಯ ಬಗ್ಗೆ ಬಂದ ಒಳ್ಳೆಯ ವಿಮರ್ಶೆ ಒಂದು ಸಿನಿಮಾ. 1979ರ ‘ಕ್ವಾಡ್ರೊಫೀನಿಯಾ’ದಲ್ಲಿ ಜಿಮ್ಮಿ ಎಂಬ ಹುಡುಗ ತಾನು ಆರಾಧಿಸಿದ ಮಾಡ್ ನಾಯಕ ಹೋಟೆಲಿನಲ್ಲಿ ಪೆಟ್ಟಿಗೆ ಹೊರುವುದನ್ನು ಕಾಣುತ್ತಾನೆ. ಅವನ ಸ್ಕೂಟರನ್ನೇ ಎತ್ತಿಕೊಂಡು ಹೋಗಿ ಬೀಚಿ ಹೆಡ್‌ನ ಬಂಡೆಯಂಚಿನಿಂದ ಕೆಳಕ್ಕೆ ಬೀಳಿಸುತ್ತಾನೆ. ಆದರೆ ಪೆಟ್ಟಿಗೆ ಹೊರುವುದರಲ್ಲಿ ನಾಚಿಕೆಯೇನಿದೆ? ದುಡಿದು ತಿನ್ನುವವನ ಬಟ್ಟೆ ಮಾಸದಿರಲೆಂದೇ ಆ ವಾಹನ ಹುಟ್ಟಿತ್ತು. ಜಿಮ್ಮಿ ಬೀಳಿಸಿದ್ದು ಕನ್ನಡಿಗಳ ತೇರನ್ನು. ಸ್ಕೂಟರು ಅವನಿಗೆ ಕೊನೆವರೆಗೂ ಕಾಣಲೇ ಇಲ್ಲ.

ಭಾರತಕ್ಕೆ ಸ್ಕೂಟರು ಶೋಕಿಯಾಗಿ ಬರಲಿಲ್ಲ. ಬಜಾಜ್ ಕಂಪನಿ ಅರವತ್ತರ ದಶಕದ ಮೊದಲಲ್ಲಿ ಪಿಯಾಜಿಯೊ ಒಪ್ಪಂದದಡಿ ವೆಸ್ಪಾ ತಯಾರಿಸತೊಡಗಿತು. 1971ರಲ್ಲಿ ಒಪ್ಪಂದ ಮುಗಿದ ಮೇಲೆ, 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು ಚೇತಕ್ ಬಂತು. ಅದೇ ವರ್ಷ ಸರ್ಕಾರ ಲಖನೌದಲ್ಲಿ ಸ್ಕೂಟರ್ಸ್ ಇಂಡಿಯಾ ಸ್ಥಾಪಿಸಿ ಇನ್ನೊಸೆಂಟಿಯ ಯಂತ್ರಗಳನ್ನೇ ಇಟಲಿಯಿಂದ ತರಿಸಿತು. ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ಕಾಲವದು. ಮುಂದೆ ನಿಂತ ಮಗು, ನಡುವೆ ಅಪ್ಪ, ಹಿಂದೆ ಒಂದೇ ಬದಿಗೆ ಕಾಲಿಳಿಬಿಟ್ಟು ಸ್ಟೆಪ್ನಿ ಹಿಡಿದು ಕೂತ ಅಮ್ಮ: 1989ರ ‘ಹಮಾರಾ ಬಜಾಜ್’ ಜಾಹೀರಾತು ಬರುವ ಮೊದಲೇ ಈ ಚಿತ್ರ ನಮ್ಮ ರಸ್ತೆಗಳಲ್ಲಿ ತಯಾರಾಗಿತ್ತು. ಅದರಲ್ಲಿ ಪ್ರೀತಿ ಇದೆ. ನಮ್ಮ ಮಧ್ಯಮ ವರ್ಗದ ನೆನಪುಗಳು ಅದಕ್ಕೆ ಸುಮ್ಮನೆ ಜೋತುಬಿದ್ದಿಲ್ಲ.

ಆದರೆ ಅದೇ ಚಿತ್ರವನ್ನು ಅಮ್ಮನ ಕಡೆಯಿಂದ ನೋಡಬೇಕು. ಸೀರೆಯುಟ್ಟವಳು ಸರಾಗವಾಗಿ ಹತ್ತಿ ಕೂರಬಲ್ಲ ಜಾಗ ಸ್ಕೂಟರಿನ ಮುಂದೆಯೇ ಇತ್ತು. ಅಲ್ಲಿ ಅವಳು ಕೂತದ್ದು ಅಪರೂಪ. ಎಷ್ಟೋ ಮನೆಗಳಲ್ಲಿ ಸ್ಕೂಟರು ಬಂದದ್ದೇ ವರದಕ್ಷಿಣೆಯಾಗಿ. ಅವಳ ತವರು ಕೊಟ್ಟ ವಾಹನದಲ್ಲಿ ಅವಳದು ಹಿಂದಿನ ಸೀಟು. ನಮ್ಮ ಮನೆಯ ಸ್ಕೂಟರಿನ ಹ್ಯಾಂಡಲನ್ನು ಅಮ್ಮ ಹಿಡಿದದ್ದು ಅದನ್ನು ಮಳೆಯಿಂದ ಒಳಕ್ಕೆ ತಳ್ಳುವಾಗ ಮಾತ್ರ. 1984ರಲ್ಲಿ ಕೈನೆಟಿಕ್ ಹೋಂಡಾ ಗೇರು, ಕಿಕ್ಕರುಗಳ ಗೊಡವೆಯಿಲ್ಲದೆ ಗುಂಡಿಯೊತ್ತಿದರೆ ಶುರುವಾಗುವಂತೆ ಬಂತು. ಹೆಣ್ಣುಮಕ್ಕಳು ಹ್ಯಾಂಡಲ್ ಹಿಡಿದದ್ದು ಹೆಚ್ಚಾಗಿ ಅಂಥ ಗಾಡಿಗಳಲ್ಲಿ. ಚೇತಕ್ ಬಗೆಗಿನ ನಮ್ಮ ಹಂಬಲದ ಬರಹಗಳಲ್ಲಿ ಈ ಮಾತು ಕಾಣುವುದು ಕಡಿಮೆ.

ಇವತ್ತಿನ ಪುನರುಜ್ಜೀವನದ ಕೆಲಸವನ್ನೂ ಇದೇ ಕಲ್ಲಿಟ್ಟು ತೂಗುತ್ತೇನೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು, ಶಿವಾಜಿನಗರದ ಗುಜರಿಗಳನ್ನು ಸುತ್ತಿ ಒಂದೊಂದೇ ಬಿಡಿಭಾಗ ಹೊಂದಿಸುವವರ ತಾಳ್ಮೆಗೆ ಕೈಮುಗಿಯಬೇಕು. ಆದರೆ ಹೊಳಪಿಗಾಗಿ ತಗಡಿಗೆ ಪುಟ್ಟಿ ಮೆತ್ತಿ, ಎಂಜಿನ್, ಬ್ರೇಕುಗಳನ್ನು ಹಾಗೇ ಬಿಟ್ಟು, ಮೆರವಣಿಗೆಯ ದಿನ ಮಾತ್ರ ಹೊರಗೆಳೆಯುವುದು ಗೋಡೆಗೆ ಹೊಡೆದ ಮೂತಿಗಿಂತ ಬಹಳ ದೂರದ್ದಲ್ಲ. ಟೂ ಸ್ಟ್ರೋಕ್ ಹೊಗೆಯ ಮಾತನ್ನೂ ಮುಚ್ಚಿಡಬಾರದು. ಕೂತವರ ಬಟ್ಟೆ ಕಾಪಾಡಿದ ಯಂತ್ರ ಹಿಂದೆ ಬರುವವರ ಉಸಿರಿಗೆ ಹೊಗೆಯಿಟ್ಟಿತು. ಎಂಜಿನ್ ಸುಸ್ಥಿತಿಯಲ್ಲಿಡುವುದು, ಆಯಿಲ್ ಹದವಾಗಿ ಬೆರೆಸುವುದು ಈ ಪ್ರೀತಿಯ ಕನಿಷ್ಠ ಕರ್ತವ್ಯ. 2020ರಲ್ಲಿ ಚೇತಕ್ ವಿದ್ಯುತ್ ಸ್ಕೂಟರಾಗಿ ಮರಳಿ ಬಂದಾಗ ಹಳೆಯ ಮೈಮಾಟದ ನೆನಪು, ಲೋಹದ ಮೈ ಎರಡನ್ನೂ ಉಳಿಸಿಕೊಂಡಿತು. ಮುಚ್ಚಬೇಕಾದ ಜಿಡ್ಡಿನ ಎಂಜಿನ್ನೇ ಅಲ್ಲಿಲ್ಲವಾದರೂ ಹೊಗೆಯ ದೂರಿಗೆ ಅದು ಉತ್ತರ ಕೊಟ್ಟಿದೆ. ಹಾಗಾಗಿ ಅದು ದಾಸ್ಕಾನಿಯೊ ವಂಶದ್ದೇ.

ನಮ್ಮ ಮನೆಯ ಸ್ಕೂಟರಿಗೆ ಮೊನ್ನೆ ಬಣ್ಣ ಹೊಡೆಸಿದೆ. ಕೇಬಲ್, ಕ್ಲಚ್ ಪ್ಲೇಟು, ಬ್ರೇಕು ಎಲ್ಲ ಹೊಸತು. ಕಾಲಿಡುವ ಹಲಗೆಯ ಮುಂಭಾಗದಲ್ಲಿ ಮಕ್ಕಳಾಗಿ ನಾವು ನಿಂತು ನಿಂತು ಬಣ್ಣ ಸವೆದು ಲೋಹ ಹೊಳೆಯುತ್ತಿದ್ದ ಎರಡು ಮಚ್ಚೆಗಳನ್ನು ಹಾಗೇ ಬಿಡಿ ಎಂದು ಮೆಕ್ಯಾನಿಕ್‌ಗೆ ಹೇಳಿದೆ. ಈಗ ಅಕ್ಕನ ಮಗಳು ಅದರಲ್ಲೇ ಗೇರು ಕಲಿಯುತ್ತಿದ್ದಾಳೆ. ಬಲಕ್ಕೆ ವಾಲುತ್ತದೆ ಎಂದು ಮೊದಲ ದಿನ ಹೆದರಿದಳು. ಮೂರನೆಯ ದಿನ ಸ್ಕೂಟರನ್ನು ಒಂದಿಷ್ಟು ಬಾಗಿಸಿ, ಕಿಕ್ ಹೊಡೆದು, ಅಜ್ಜಿಯನ್ನು ಹಿಂದೆ ಕೂರಿಸಿಕೊಂಡು ತರಕಾರಿಗೆ ಹೋಗಿ ಬಂದಳು. ಅಮ್ಮ ಇಳಿದವರೇ ರೂಢಿಯಂತೆ ಸೀರೆಯ ಅಂಚು ಎತ್ತಿ ನೋಡಿಕೊಂಡರು. ಎಣ್ಣೆ ಮೆತ್ತಿರಲಿಲ್ಲ.