ಅರ್ಚಕರ ವೀಸಾ: ಪರೀಕ್ಷೆ ಉಂಟು, ರಕ್ಷಣೆ ಇಲ್ಲ

ಅಮೆರಿಕದ ದೇವಸ್ಥಾನಗಳಿಗೆ ನಮ್ಮ ಕಡೆಯಿಂದ ಹೋಗುವ ಅರ್ಚಕರಿಗೆ ಸಾಮಾನ್ಯವಾಗಿ ಸಿಗುವುದು ಆರ್-1 ವೀಸಾ. 1990ರ ವಲಸೆ ಕಾಯ್ದೆಯಿಂದ ಬಂದ ಇದು ಪಾದ್ರಿ, ಇಮಾಮ್, ಭಿಕ್ಷು, ಪುರೋಹಿತ ಎಲ್ಲರಿಗೂ ಒಂದೇ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ ಇರುವ ಈ ಕಾಲದಲ್ಲಿ ಅದರ ನಿಯಮಗಳು ಉಡುಪಿ ಸೀಮೆಯ ಮನೆಗಳಿಗೂ ಸಂಬಂಧಪಟ್ಟವು. ಬರುವವರು ನಿಜವಾದ ಅರ್ಚಕರೇ ಎಂದು ಪರೀಕ್ಷಿಸುವುದರಲ್ಲಿ ಈ ವೀಸಾ ಗಟ್ಟಿ. ಬಂದವರನ್ನು ಕಾಪಾಡುವುದರಲ್ಲಿ ತೀರ ದುರ್ಬಲ.

ಪರೀಕ್ಷೆಯ ಭಾಗ ಮೆಚ್ಚುವಂಥದ್ದೇ. ಅರ್ಜಿ ಹಾಕಬೇಕಾದದ್ದು ದೇವಸ್ಥಾನ. ತಾನು ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ ಎಂದು ಅದು ತೋರಿಸಬೇಕು. ಅರ್ಚಕರು ಹಿಂದಿನ ಎರಡು ವರ್ಷ ಅದೇ ಸಂಪ್ರದಾಯದವರಾಗಿರಬೇಕು, ವಾರಕ್ಕೆ ಸರಾಸರಿ 20 ಗಂಟೆಯಾದರೂ ಕೆಲಸವಿರಬೇಕು. ಪದವಿ ಕೇಳದ ಸಂಪ್ರದಾಯವಾದರೆ ಅಲ್ಲಿ ಅರ್ಹತೆಯನ್ನು ಹೇಗೆ ನಿರ್ಣಯಿಸುತ್ತಾರೆಂದು ವಿವರಿಸಿದರೆ ಸಾಕು. ಹೀಗಾಗಿ ತಂದೆಯ ಬಳಿಯೇ ಮಂತ್ರ, ಪೂಜಾವಿಧಿ ಕಲಿತವರಿಗೂ ಬಾಗಿಲು ಮುಚ್ಚಿಲ್ಲ. 2008ರ ನಿಯಮದಂತೆ ಅಧಿಕಾರಿಗಳು ದೇವಸ್ಥಾನಕ್ಕೇ ಬಂದು ತಪಾಸಣೆ ಮಾಡಬಹುದು. ಸುಳ್ಳು ಅರ್ಜಿಗಳ ಹಾವಳಿ ಕಂಡ ಮೇಲೆ ಇಷ್ಟು ಬಿಗಿ ಬೇಕೇ ಇತ್ತು.

ಸಮಸ್ಯೆ ಶುರುವಾಗುವುದು ವೀಸಾ ಸಿಕ್ಕ ಮೇಲೆ. ಗರ್ಭಗುಡಿಯ ಒಳಗೆ ಆರತಿ ಎತ್ತುವವರು ಆರ್-1ರಲ್ಲಿದ್ದಾರೆ. ಹೊರಗೆ ಕೈಮುಗಿದು ನಿಂತ ಸಾಫ್ಟ್‌ವೇರ್ ಎಂಜಿನಿಯರ್ ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿದ್ದಾರೆ. ಎಂಜಿನಿಯರ್‌ಗೆ ಆ ಊರಿನ ಚಾಲ್ತಿ ಸಂಬಳಕ್ಕಿಂತ ಕಡಿಮೆ ಕೊಡುವಂತಿಲ್ಲ. ಆರ್-1ಗೆ ಅಂಥ ಷರತ್ತೇ ಇಲ್ಲ, ಊಟ ವಸತಿಯನ್ನೂ ಸಂಭಾವನೆಯಾಗಿ ತೋರಿಸಬಹುದು. ಎಂಜಿನಿಯರ್ ಕಂಪನಿ ಬದಲಿಸಿದರೆ ಹೊಸ ಕಂಪನಿಯ ಅರ್ಜಿ ಸಲ್ಲಿಕೆಯಾದ ಕೂಡಲೇ ಕೆಲಸಕ್ಕೆ ಸೇರಬಹುದು. ಅರ್ಚಕರು ಮಂಜೂರಾತಿ ಬರುವ ತನಕ ಕಾಯಬೇಕು. ಗ್ರೀನ್ ಕಾರ್ಡ್ ಹಾದಿಯಲ್ಲಿರುವ ಎಂಜಿನಿಯರ್‌ಗಳ ಸಂಗಾತಿಗಳಿಗೆ 2015ರಿಂದ ದುಡಿಯುವ ಅವಕಾಶವಿದೆ. ಆರ್-2 ವೀಸಾದಲ್ಲಿ ಬಂದ ಅರ್ಚಕರ ಪತ್ನಿ ಎಷ್ಟೇ ಓದಿದ್ದರೂ ಸಂಬಳಕ್ಕೆ ದುಡಿಯುವಂತಿಲ್ಲ.

ಎಲ್ಲಕ್ಕಿಂತ ಕ್ರೂರವಾದದ್ದು ಕೆಲಸ ಹೋದಾಗಿನ ಸ್ಥಿತಿ. ಎಂಜಿನಿಯರ್‌ಗೆ ಬೇರೆ ಕೆಲಸ ಹುಡುಕಿಕೊಳ್ಳಲು 60 ದಿನಗಳವರೆಗೆ ಕಾಲಾವಕಾಶವಿದೆ. ಆ ಸೌಲಭ್ಯದ ಪಟ್ಟಿಯಲ್ಲಿ ಆರ್-1ರ ಹೆಸರಿಲ್ಲ. ಅರ್ಚಕರನ್ನು ಬಿಡಿಸಿದ ಸುದ್ದಿಯನ್ನು ಸರ್ಕಾರಕ್ಕೆ ತಿಳಿಸಲು ದೇವಸ್ಥಾನಕ್ಕೆ 14 ದಿನ ಕೊಟ್ಟ ಕಾನೂನು, ಅರ್ಚಕರಿಗೆ ಒಂದು ದಿನವನ್ನೂ ಕೊಟ್ಟಿಲ್ಲ. ವಸತಿಯೂ ದೇವಸ್ಥಾನದ್ದೇ ಆಗಿದ್ದರೆ ಉದ್ಯೋಗ, ಮನೆ, ಅಲ್ಲಿರುವ ಹಕ್ಕು ಮೂರೂ ಒಟ್ಟಿಗೇ ಹೋಗುತ್ತವೆ. ಇಂಥ ಸ್ಥಿತಿಯಲ್ಲಿ ವಾರದ ರಜೆ ಕೇಳುವುದಕ್ಕೂ ಧೈರ್ಯ ಬೇಕು. ದೂರು ಕೊಡುವ ಮಾತು ದೂರವೇ ಉಳಿಯಿತು.

ಆರ್-1ರಲ್ಲಿ ಒಟ್ಟು ಐದು ವರ್ಷ ಮಾತ್ರ ಇರಬಹುದೆಂಬ ಮಿತಿಯೂ ಬಹುಕಾಲ ಕಾಡಿತು. ಅವಧಿ ಮುಗಿದವರು ಒಂದು ವರ್ಷ ಹೊರಗಿದ್ದೇ ಮರಳಬೇಕಿತ್ತು. 2023ರ ಮಾರ್ಚ್‌ನಲ್ಲಿ ಗ್ರೀನ್ ಕಾರ್ಡ್ ಸರದಿಯ ಲೆಕ್ಕಾಚಾರ ಬದಲಾಗಿ ಆ ಸಾಲು ಉದ್ದವಾದ ಮೇಲೆ ಪಾದ್ರಿಗಳಿಂದ ಅರ್ಚಕರವರೆಗೆ ಅನೇಕರು ಇದರಲ್ಲಿ ಸಿಕ್ಕಿಬಿದ್ದರು. 2026ರ ಜನವರಿಯಲ್ಲಿ ಆ ಒಂದು ವರ್ಷದ ಷರತ್ತನ್ನು ಸರ್ಕಾರ ಕೈಬಿಟ್ಟದ್ದು ಸ್ವಾಗತಾರ್ಹ. ಆದರೆ ಈ ತಿದ್ದುಪಡಿ ಮುಖ್ಯವಾಗಿ ಅರ್ಚಕರಿಲ್ಲದೆ ಪೂಜೆ ನಿಲ್ಲುವ ದೇವಸ್ಥಾನಗಳ ಕಷ್ಟಕ್ಕೆ ಪರಿಹಾರ. ಒಂದೇ ದೇವಸ್ಥಾನಕ್ಕೆ ಅಂಟಿಕೊಂಡ ಅರ್ಚಕರ ಅಸಹಾಯಕತೆ ಹಾಗೇ ಉಳಿದಿದೆ.

ಕೆಲಸ ಹೋದಾಗ 60 ದಿನ, ಅರ್ಜಿ ಹಾಕಿದ ಕೂಡಲೇ ಬೇರೆ ದೇವಸ್ಥಾನ ಸೇರುವ ಅವಕಾಶ, ಪತ್ನಿಗೆ ದುಡಿಯುವ ಅನುಮತಿ: ಇವು ಮೂರೂ ಹೊಸ ಕಲ್ಪನೆಗಳಲ್ಲ, ಅದೇ ದೇಶದ ಕಾನೂನು ಬೇರೆಯವರಿಗೆ ಈಗಾಗಲೇ ಕೊಟ್ಟಿರುವಂಥವು. ಕಾನೂನು ಬದಲಾಗುವವರೆಗೆ ಆಡಳಿತ ಮಂಡಳಿಗಳು ಕೈಕಟ್ಟಿ ಕೂರಬೇಕಿಲ್ಲ. ಸಂಬಳ, ರಜೆ, ಕೆಲಸದ ವೇಳೆ, ಕೆಲಸ ಬಿಡಿಸುವ ಮುನ್ನ ಕೊಡಬೇಕಾದ ನೋಟಿಸ್ ಇವನ್ನೆಲ್ಲ ಅರ್ಚಕರಿಗೆ ಅರ್ಥವಾಗುವ ಭಾಷೆಯಲ್ಲಿ ಕರಾರಿನಲ್ಲಿ ಬರೆದುಕೊಡಲು ಯಾವ ಸರ್ಕಾರದ ಅಪ್ಪಣೆಯೂ ಬೇಡ. ವೀಸಾದ ಆತಂಕವನ್ನು ತಾವೇ ಅನುಭವಿಸಿ ದಾಟಿ ಬಂದವರು ಆ ಮಂಡಳಿಗಳಲ್ಲಿ ಇದ್ದಾರೆ. ಈ ಕೆಲಸ ಮೊದಲು ಅವರಿಂದಲೇ ಆಗಬೇಕು.