ಬೆಳಕಿನ ಎಳೆ ಬೆಸೆಯುವವರು
ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಕಡಿದ ರೇಷ್ಮೆ ಎಳೆಯನ್ನು ಕೂಡಿಸುವ ಬೆರಳುಗಳಿಗೆ ಎಷ್ಟು ನಾಜೂಕು ಬೇಕೋ, ರಸ್ತೆಬದಿಯ ಗುಂಡಿ ಪಕ್ಕ ಕೂತು ಆಪ್ಟಿಕಲ್ ಫೈಬರ್ ಬೆಸೆಯುವ ಬೆರಳುಗಳಿಗೂ ಅಷ್ಟೇ ಬೇಕು.

ಈ ಎಳೆಯೊಳಗೆ ಬೆಳಕು ಹರಿಯುವ ಗಾಜಿನ ತಿರುಳಿನ ದಪ್ಪ ಸುಮಾರು 9 ಮೈಕ್ರಾನ್. ನಮ್ಮ ತಲೆಗೂದಲಿಗಿಂತ ಎಷ್ಟೋ ಸಣ್ಣದು. ಕೆಲಸಗಾರ ಮೊದಲು ಎಳೆಯ ಮೇಲಿನ ಲೇಪ ಸುಲಿಯುತ್ತಾನೆ, ಸ್ಪಿರಿಟ್‌ನಿಂದ ಒರೆಸುತ್ತಾನೆ, ತುದಿಯನ್ನು ನೇರವಾಗಿ ಕತ್ತರಿಸುತ್ತಾನೆ. ಆಮೇಲೆ ಸ್ಪ್ಲೈಸಿಂಗ್ ಯಂತ್ರ ಎರಡು ತುದಿಗಳನ್ನು ಎದುರುಬದುರು ತಂದು ವಿದ್ಯುತ್ ಕಿಡಿಯಲ್ಲಿ ಕರಗಿಸಿ ಒಂದಾಗಿಸುತ್ತದೆ. ಒಂದು ಕಣ ದೂಳು ಸಾಕು, ಬೆಸುಗೆ ಕೆಡಲು.

2011ರಲ್ಲಿ ಮಂಜೂರಾಗಿ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳನ್ನು ಇಂಟರ್ನೆಟ್‌ಗೆ ಜೋಡಿಸಲು ನಂಬಿದ್ದು ಇದೇ ಎಳೆಯನ್ನು.

ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರದಲ್ಲಿ ಪಹಣಿ ಕೇಳಿದಾಗ ಆ ಕೋರಿಕೆ ಪುಟ್ಟ ಪ್ಯಾಕೆಟ್‌ಗಳಾಗಿ ಒಡೆಯುತ್ತದೆ. ಪ್ರತಿಯೊಂದರ ಮೇಲೂ ಕಳಿಸಿದವರ, ತಲುಪಬೇಕಾದವರ ಐಪಿ ವಿಳಾಸ. ದಾರಿಯ ರೂಟರ್‌ಗಳು ವಿಳಾಸ ಓದಿ ಮುಂದಕ್ಕೆ ಕಳಿಸುತ್ತವೆ. ಕಳೆದುಹೋದದ್ದನ್ನು ಕಳಿಸಿದ ಕಂಪ್ಯೂಟರೇ ಮತ್ತೆ ರವಾನಿಸುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. 40 ಕಿಲೋಮೀಟರ್ ಎಳೆಯನ್ನು ದಾಟಲು ಸೆಕೆಂಡಿನ 5,000ದಲ್ಲಿ ಒಂದು ಪಾಲು ಸಾಕು.

ನೆಟ್‌ವರ್ಕ್ ಕಲಿಯಲು ಹೊರಟ ಮಕ್ಕಳಿಗೆ ಪುಸ್ತಕದ ಚಿತ್ರಕ್ಕೂ ಮೊದಲು ಈ ಬೆಸುಗೆಯನ್ನು ತೋರಿಸಬೇಕು. ಇಂಟರ್ನೆಟ್ ಗಾಳಿಯಲ್ಲಿ ಹುಟ್ಟಿದ್ದಲ್ಲ, ದುಡಿಯುವ ಕೈಗಳು ಕಟ್ಟಿದ್ದು ಎಂಬುದೇ ಮೊದಲ ಪಾಠವಾಗಲಿ.